ಮಲೆನಾಡಿನಲ್ಲಿ ಹಕ್ಕಿ ನೋಡುವುದು: ಕಾನಿನ ಅಂಚಿನಲ್ಲಿ, ಮಳೆಯ ಲೆಕ್ಕದಲ್ಲಿ

ಮಲೆನಾಡಿಗೆ ಹಕ್ಕಿ ನೋಡಲು ಬರುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಕಾಡಿನೊಳಕ್ಕೆ ನುಗ್ಗುವುದು. ಕಾನಿನೊಳಗೆ ಮರದ ನೆತ್ತಿ ನೂರಡಿ ಮೇಲಿರುತ್ತದೆ. ಬೆಳಗಿನ ಎಂಟಕ್ಕೂ ಕೆಳಗೆ ಮಬ್ಬುಗತ್ತಲು. ಸದ್ದು ಬೇಕಾದಷ್ಟು ಕೇಳುತ್ತದೆ, ಕಾಣುವುದು ಮಾತ್ರ ಎಲೆಯ ತಳ. ಎರಡು ಗಂಟೆ ಅಲೆದರೆ ಕುತ್ತಿಗೆ ನೋವಷ್ಟೇ ಉಳಿಯುತ್ತದೆ.

ಹಕ್ಕಿ ಕಾಣಬೇಕಾದರೆ ಅಂಚಿನಲ್ಲಿ ನಿಲ್ಲಬೇಕು. ಕಾನು ಮುಗಿದು ಅಡಿಕೆ ತೋಟ ಶುರುವಾಗುವ ಜಾಗ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಗದ್ದೆಗೆ ಇಳಿಯುವ ಜಾಗ, ಬ್ಯಾಣದ (ಹುಲ್ಲುಗಾವಲಿನ) ಬದಿ, ಹಳ್ಳ ದಾಟುವ ಸಂಕ ಇವೆಲ್ಲ ಒಳ್ಳೆಯವು. ಎಲ್ಲಕ್ಕಿಂತ ಒಳ್ಳೆಯದು ಗುಡ್ಡದ ಮೈಯಲ್ಲಿ ಹೋಗುವ, ವಾಹನ ಕಡಿಮೆ ಇರುವ ಊರೊಳಗಿನ ರಸ್ತೆ. ಅದರ ಇಳಿಜಾರಿನ ಬದಿಯಲ್ಲಿ ನಿಂತರೆ ಕೆಳಗಿನ ಮರಗಳ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬೆಳಿಗ್ಗೆ ಪಡುವಣಕ್ಕೆ ಮುಖ ಮಾಡಿ ನೋಡುವಂಥ ತಿರುವನ್ನು ಆರಿಸಿಕೊಳ್ಳಿ, ಬಿಸಿಲು ಬೆನ್ನಿಗಿರಲಿ. ಬಿಸಿಲು ಎದುರಿಗಿದ್ದರೆ ಕೆಂಪು ಹಕ್ಕಿಯೂ ಹಸಿರು ಹಕ್ಕಿಯೂ ಒಂದೇ ಕಪ್ಪು.

ಒಂದು ಜಾಗದಲ್ಲಿ ಕನಿಷ್ಠ 20 ನಿಮಿಷ ನಿಲ್ಲಿ. ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ, ಏಕೆಂದರೆ ನೀವು ಬಂದ ಸದ್ದಿಗೆ ಹತ್ತಿರದ ಹಕ್ಕಿಗಳೆಲ್ಲ ಸುಮ್ಮನಾಗಿರುತ್ತವೆ. ಅವು ಮತ್ತೆ ಮಾತು ಶುರುಮಾಡುವ ಹೊತ್ತಿಗೇ ಹೆಚ್ಚಿನವರು ಬೇಸತ್ತು ಮುಂದಕ್ಕೆ ಹೋಗಿಬಿಡುತ್ತಾರೆ. ಆಮೇಲೆ ಇನ್ನೂರು ಮೀಟರ್ ನಡೆದು ಮತ್ತೆ ನಿಲ್ಲಿ. ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ ಒಂದೂವರೆ ಕಿಲೋಮೀಟರ್ ನಡೆದರೆ ಸಾಕು.

ದುರ್ಬೀನು

ಈ ಕಾಡಿಗೆ 8×42 ಸರಿಯಾದ ಅಳತೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 8×42ರಲ್ಲಿ 5.25 ಮಿ.ಮೀ., 10×42ರಲ್ಲಿ 4.2 ಮಿ.ಮೀ. ಮಳೆಗಾಲದ ಮಬ್ಬಿನಲ್ಲಿ ಆ ಒಂದು ಮಿಲಿಮೀಟರ್ ದೊಡ್ಡದು. ಹತ್ತು ಪಟ್ಟಿನದರಲ್ಲಿ ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ, ನೋಟದ ಅಗಲವೂ ಕಡಿಮೆ. ಕೆರೆ, ಜಲಾಶಯದ ದೂರದ ಹಕ್ಕಿಗೆ ಹತ್ತು ಪಟ್ಟು ಸರಿ. ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಗೆ ಎಂಟೇ ಮೇಲು.

ದುರ್ಬೀನಿನಲ್ಲಿ ಏನೋ ಮಸುಕು ಎನ್ನುವವರು ಅನೇಕರು ಬಲಗಣ್ಣಿನ ಉಂಗುರವನ್ನು ಹೊಂದಿಸಿಕೊಂಡಿರುವುದೇ ಇಲ್ಲ. ಐವತ್ತು ಅಡಿ ದೂರದ ಒಂದು ಎಲೆಯನ್ನು ಗುರಿ ಇಟ್ಟುಕೊಳ್ಳಿ. ಬಲಬದಿಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಲೆಯ ನರ ಎಡಗಣ್ಣಿಗೆ ಸ್ಪಷ್ಟವಾಗುವಂತೆ ಮಾಡಿ. ಈಗ ಎಡಬದಿ ಮುಚ್ಚಿ, ಚಕ್ರ ಮುಟ್ಟದೆ ಬಲಗಣ್ಣಿನ ಉಂಗುರ ಮಾತ್ರ ತಿರುಗಿಸಿ. ಉಂಗುರ ನಿಂತ ಜಾಗವನ್ನು ಗುರುತಿಟ್ಟುಕೊಳ್ಳಿ. ಕನ್ನಡಕ ಹಾಕುವವರು ಕಣ್ಣಿನ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿಕೊಳ್ಳಬೇಕು.

ಮಲೆನಾಡಿನಲ್ಲಿ ದುರ್ಬೀನು ಹಾಳಾಗುವುದು ಬೂಸ್ಟಿನಿಂದ. ಜೂನ್‌ನಿಂದ ಅಕ್ಟೋಬರ್‌ವರೆಗೆ ಚರ್ಮದ ಚೀಲದಲ್ಲಿಟ್ಟು ಬೀರುವಿನೊಳಗೆ ಇಟ್ಟರೆ ಗಾಜಿನೊಳಗೆ ಜೇಡರ ಬಲೆಯಂಥ ಬೂಸ್ಟು ಹಬ್ಬುತ್ತದೆ, ಅದನ್ನು ಮನೆಯಲ್ಲಿ ತೆಗೆಯಲಾಗುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿ, ಅದರ ಮೇಲೆ ಬಟ್ಟೆ ಹಾಸಿ ಇಡಿ. ಹರಳಿನ ಬಣ್ಣ ಬದಲಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಮೊದಲ ಬಣ್ಣ ಬರುವವರೆಗೆ ಬಿಸಿಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾತ್ರ ಮಾಡಬೇಡಿ. ಒದ್ದೆಯಾದ ದುರ್ಬೀನನ್ನು ಒರೆಸಿ ಒಣಗಿಸದೆ ಡಬ್ಬಕ್ಕೆ ಹಾಕಬೇಡಿ.

ಮೊದಲು ಕಿವಿ

ಇಲ್ಲಿ ಹತ್ತರಲ್ಲಿ ಏಳು ಹಕ್ಕಿ ಮೊದಲು ಕಿವಿಗೆ ಸಿಗುತ್ತವೆ, ಆಮೇಲೆ ಕಣ್ಣಿಗೆ. ಒಟ್ಟಿಗೆ ಐವತ್ತು ಕೂಗು ಕಲಿಯಲು ಹೋಗಬೇಡಿ. ಮನೆ ಸುತ್ತ ದಿನವೂ ಕೂಗುವ ಕುಟ್ರುಹಕ್ಕಿ, ಪಿಕಳಾರ, ಮಡಿವಾಳ, ಕೆಂಬೂತ, ಹರಟೆಮಲ್ಲ, ಕಾಜಾಣ ಈ ಆರನ್ನು ಅನುಮಾನವಿಲ್ಲದಷ್ಟು ಕಲಿಯಿರಿ. ಇವು ಗೊತ್ತಾದರೆ ಉಳಿದದ್ದು ತಾನಾಗಿಯೇ ಹೊಸದೆಂದು ಕೇಳುತ್ತದೆ.

ಭೀಮರಾಜನ ವಿಷಯದಲ್ಲಿ ಎಚ್ಚರ. ಬಾಲದ ತುದಿಯಲ್ಲಿ ಎರಡು ತಂತಿ, ತಂತಿಯ ಕೊನೆಗೆ ಗರಿಯ ಬಿಲ್ಲೆ ಇರುವ ಈ ಕರಿಹಕ್ಕಿ ಗಿಡುಗನಂತೆ, ಕುಟ್ರುವಿನಂತೆ, ಹರಟೆಮಲ್ಲನಂತೆ ಕೂಗಬಲ್ಲದು. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮೊಬೈಲಿನ ಮರ್ಲಿನ್ ಆ್ಯಪ್ ಕೂಡ ಇದಕ್ಕೆ ಮೋಸಹೋಗಿ ಅಲ್ಲಿಲ್ಲದ ಹಕ್ಕಿಗಳ ಹೆಸರನ್ನು ಸಾಲಾಗಿ ತೋರಿಸುತ್ತದೆ. ಅರ್ಧ ನಿಮಿಷದೊಳಗೆ ಒಂದೇ ಮರದಿಂದ ಮೂರು ನಾಲ್ಕು ಜಾತಿಯ ಕೂಗು ಒಂದರ ಹಿಂದೊಂದು ಬಂದರೆ ಅದು ಭೀಮರಾಜ ಎಂದೇ ಹಿಡಿದು ಹುಡುಕಿ. ಆ್ಯಪ್ ಹೇಳಿದ್ದನ್ನು ಕಣ್ಣಿಂದ ನೋಡದೆ ಪಟ್ಟಿಗೆ ಸೇರಿಸಬೇಡಿ. ಧ್ವನಿಮುದ್ರಣ ಹಾಕಿ ಹಕ್ಕಿಯನ್ನು ಕರೆಯುವುದಂತೂ ಬೇಡವೇ ಬೇಡ. ಹಕ್ಕಿ ಅದನ್ನು ಎದುರಾಳಿ ಎಂದು ತಿಳಿದು ಮರಿಗೆ ಉಣಿಸುವ ಹೊತ್ತನ್ನು ಜಗಳಕ್ಕೆ ಕಳೆಯುತ್ತದೆ.

ಕಂಡ ಹಕ್ಕಿಯನ್ನು ಪುಸ್ತಕ ತೆರೆಯುವ ಮೊದಲೇ ಬರೆದುಕೊಳ್ಳಿ: ಗುಬ್ಬಿಗಿಂತ ದೊಡ್ಡದೋ, ಗೊರವಂಕದಷ್ಟೋ, ಕಾಗೆಯಷ್ಟೋ, ಕೊಕ್ಕಿನ ಆಕಾರ, ಹುಬ್ಬು, ಕತ್ತು, ರೆಕ್ಕೆಯ ಪಟ್ಟೆ, ಯಾವ ಮರ, ಏನು ಮಾಡುತ್ತಿತ್ತು. ಚಿತ್ರ ನೋಡಿದ ಮೇಲೆ ಬರೆದರೆ ಕಣ್ಣು ಕಂಡದ್ದನ್ನು ಬಿಟ್ಟು ಚಿತ್ರದಲ್ಲಿದ್ದದ್ದನ್ನು ಬರೆಯುತ್ತೀರಿ. ಪೆನ್ಸಿಲ್ ಇರಲಿ, ಜೆಲ್ ಪೆನ್ನಿನ ಅಕ್ಷರ ಒಂದು ಹನಿಗೆ ಕದಡುತ್ತದೆ.

ಮೃಗಶಿರದಿಂದ ಹಸ್ತದವರೆಗೆ

ಜೂನ್ ಮೊದಲ ವಾರ ಮೃಗಶಿರ ಮಳೆ ಹಿಡಿಯುತ್ತಿದ್ದಂತೆ ಹಳ್ಳದ ಬಂಡೆಗಳ ಕಡೆಯಿಂದ ಮಲಬಾರ್ ಸಿಳ್ಳಾರನ ಹಾಡು ಕೇಳುತ್ತದೆ. ಹಾಡು ಬರದ ಹುಡುಗ ದಾರಿಯಲ್ಲಿ ಸಿಳ್ಳೆ ಹಾಕಿಕೊಂಡು ಹೋದಂತಿರುತ್ತದೆ. ಕಡುನೀಲಿ ಹಕ್ಕಿ, ಹಣೆಗೂ ಹೆಗಲಿಗೂ ಹೊಳೆಯುವ ನೀಲಿ. ಬೆಳಕು ಹರಿಯುವ ಮೊದಲೇ ಸಂಕದ ಬಳಿ ನಿಲ್ಲಬೇಕು.

ಆರಿದ್ರಾ, ಪುನರ್ವಸು ಸುರಿಯುವಾಗ ಆಗುಂಬೆಯಂಥ ಕಡೆ ಹಕ್ಕಿ ನೋಡುವುದು ವ್ಯರ್ಥ. ಆ ಮಳೆಗಳು ಕಳೆಯುತ್ತಿದ್ದಂತೆ ಮಂಡಗದ್ದೆಗೆ ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ತುಂಗೆ ತುಂಬಿ ಹರಿಯುವಾಗ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ರಸ್ತೆ ಬದಿಯ ವೀಕ್ಷಣಾ ಗೋಪುರದಿಂದಲೇ ಕಾಣುತ್ತವೆ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಕೆರೆಯೊಳಗಿನ ಮರಗಳ ಮೇಲೆ ಇವುಗಳ ಜೊತೆ ಕರಿತಲೆಯ ಕೆಂಬರಲುಗಳೂ (ಐಬಿಸ್) ಇರುತ್ತವೆ.

ಬೆಳ್ಳಕ್ಕಿಗಳನ್ನು ಬೇರ್ಪಡಿಸುವುದನ್ನು ಕಲಿಯಲು ಮಂಡಗದ್ದೆಗಿಂತ ಒಳ್ಳೆಯ ಶಾಲೆ ಇಲ್ಲ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿಯಾದರೆ ಸಣ್ಣ ಬೆಳ್ಳಕ್ಕಿ. ತಲೆ, ಎದೆ ಕೇಸರಿ ಕಂದು ಬಣ್ಣಕ್ಕೆ ತಿರುಗಿದ್ದರೆ ಗದ್ದೆಯಲ್ಲಿ ದನದ ಹಿಂದೆ ಓಡಾಡುವ ಗೋವಕ್ಕಿ. ದೊಡ್ಡದಕ್ಕೂ ಮಧ್ಯಮಕ್ಕೂ ವ್ಯತ್ಯಾಸ ತಿಳಿಯಲು ಬಾಯಿಯ ಗೆರೆ ನೋಡಿ: ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಕೊಕ್ಕಿನ ಬಣ್ಣ ನಂಬಬೇಡಿ. ಗೂಡಿನ ಕಾಲದಲ್ಲಿ ಅದು ಹಳದಿಯಿಂದ ಕಪ್ಪಾಗುತ್ತದೆ. ಹಾಗೆಯೇ ರೆಕ್ಕೆ ಬಿಡಿಸಿ ಒಣಗಿಸುವ ಎರಡು ಕರಿಹಕ್ಕಿಗಳಲ್ಲಿ ಕೊಕ್ಕಿನ ತುದಿ ಕೊಕ್ಕೆಯಂತಿದ್ದರೆ ನೀರುಕಾಗೆ, ಕಠಾರಿಯಂತೆ ನೇರ ಇದ್ದರೆ ಹಾವಕ್ಕಿ.

ಇಂಬಳಕ್ಕೆ (ಕಾಡಿನ ಜಿಗಣೆಗೆ) ಹೆದರಬೇಕಿಲ್ಲ, ಸಿದ್ಧತೆ ಸಾಕು. ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲದೊಳಕ್ಕೆ ಪ್ಯಾಂಟ್ ಸೇರಿಸಿ ಕಟ್ಟಿ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಸವರಿ. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡರೆ ಹತ್ತಿದ್ದನ್ನು ಮುಟ್ಟಿ ಬೀಳಿಸಬಹುದು. ಬಿದ್ದ ಮೇಲೂ ರಕ್ತ ಸೋರುತ್ತದೆ, ಅದು ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಇಂಬಳ ಬಿಟ್ಟಿರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ಮಳೆಗೆ ಕೊಡೆ ಒಳ್ಳೆಯದು, ಪ್ಲಾಸ್ಟಿಕ್ ಕೋಟಿನ ಚರಪರ ಸದ್ದಿಗೆ ಹಕ್ಕಿ ನಿಲ್ಲುವುದಿಲ್ಲ.

ಚಿತ್ತೆ, ಸ್ವಾತಿ ಮತ್ತು ಚಳಿ

ಸೆಪ್ಟೆಂಬರಿನಲ್ಲಿ ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಬೂದು ಕುಂಡೆಕುಸ್ಕ ಕಂಡರೆ ವಲಸೆ ಶುರುವಾಯಿತೆಂದು ಲೆಕ್ಕ. ಅಕ್ಟೋಬರ್, ನವೆಂಬರಿನಲ್ಲಿ ನವರಂಗ ಬರುತ್ತದೆ. ಬೆಳಿಗ್ಗೆ ಬೆಳಕು ಹರಿಯುವಾಗ, ಸಂಜೆ ಕತ್ತಲಾಗುವಾಗ ಪೊದೆಯೊಳಗಿಂದ ಎರಡು ಸ್ವರದ ಸಿಳ್ಳೆ. ನೆಲದ ತರಗೆಲೆ ಕೆದಕುವ ಮೋಟುಬಾಲದ ಬಣ್ಣದ ಹಕ್ಕಿ. ರಾತ್ರಿ ಹಾರಿ ದಣಿದ ನವರಂಗಗಳು ಕೆಲವೊಮ್ಮೆ ದೀಪದ ಬೆಳಕಿಗೆ, ಕಿಟಕಿ ಗಾಜಿಗೆ ಬಡಿದು ಬೀಳುತ್ತವೆ. ಬಿದ್ದದ್ದನ್ನು ಗಾಳಿ ರಂಧ್ರವಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಕತ್ತಲಲ್ಲಿ ಒಂದೆರಡು ಗಂಟೆ ಬಿಡಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಚೇತರಿಸಿಕೊಂಡರೆ ಹತ್ತಿರದ ಪೊದೆಯ ಬಳಿ ಪೆಟ್ಟಿಗೆ ತೆರೆದಿಟ್ಟು ಹಿಂದೆ ಸರಿಯಿರಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಏಳೂವರೆಯಿಂದ ಹತ್ತರ ನಡುವೆ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ತಂಡವಾಗಿ ಮೇಯುತ್ತಾ ಸಾಗುತ್ತವೆ: ಭೀಮರಾಜ, ಮರಕುಟಿಗ, ಬಾಲದಂಡೆ, ಉಲಿಯಕ್ಕಿ. ಇಡೀ ತಂಡ ಐದು ಹತ್ತು ನಿಮಿಷದಲ್ಲಿ ದಾಟಿಹೋಗುತ್ತದೆ. ಮೊದಲು ಕಂಡ ಹಕ್ಕಿಗೇ ದುರ್ಬೀನು ಅಂಟಿಸಿಕೊಂಡರೆ ಉಳಿದ ಹತ್ತು ತಪ್ಪಿಹೋಗುತ್ತವೆ. ತಂಡ ಯಾವ ಕಡೆ ಹೋಗುತ್ತಿದೆ ಎಂದು ಬರಿಗಣ್ಣಲ್ಲಿ ನೋಡಿ, ಎಲೆ ವಿರಳವಾಗಿರುವ ಮುಂದಿನ ಮರವೊಂದಕ್ಕೆ ಗುರಿ ಹಿಡಿದು ಕಾಯಿರಿ. ಅವೇ ಬಂದು ಹೋಗುತ್ತವೆ. ಬೂರುಗ, ಹಾಲುವಾಣ ಎಲೆ ಉದುರಿಸಿ ಹೂ ಬಿಟ್ಟ ಮೇಲೆ ನಡೆಯುವುದೂ ಬೇಡ. ಒಂದು ಮರದ ಎದುರು ಒಂದು ಬೆಳಿಗ್ಗೆ ಕೂತರೆ ಸೂರಕ್ಕಿ, ಎಲೆಹಕ್ಕಿ, ಗೊರವಂಕ, ಕಾಜಾಣ ಎಲ್ಲ ಬರುತ್ತವೆ.

ಮಂಗನ ಕಾಯಿಲೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಈ ರೋಗವನ್ನು ಹರಡುವುದು ಉಣುಗು, ಅದರ ಕಾಟ ಒಣಹವೆಯ ತಿಂಗಳುಗಳಲ್ಲಿ, ಬೇಸಿಗೆ ಮುಗಿಯುವವರೆಗೆ. ತರಗೆಲೆಯ ಮೇಲೆ ಕೂರಬೇಡಿ, ಮಡಚುವ ಸ್ಟೂಲ್ ಒಯ್ಯಿರಿ. ಹೊರಡುವ ಮೊದಲು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ಹತ್ತದಂತೆ ಅಲ್ಲಿ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಂಗ ಸತ್ತುಬಿದ್ದ ಕಡೆಗೆ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಬೇಸಿಗೆ

ಮಾರ್ಚಿನಿಂದ ನೀರಿರುವ ಗುಂಡಿಯೇ ಹಕ್ಕಿಯ ಜಾಗ. ಹಳ್ಳ ಬತ್ತಿ ಉಳಿದ ಒಂದು ಗುಂಡಿಯಿಂದ 25 ಅಡಿ ದೂರದಲ್ಲಿ, ಬೆನ್ನಿಗೆ ಮರವಿಟ್ಟು, ಹನ್ನೊಂದರಿಂದ ಮೂರರವರೆಗೆ ಕೂರಿ. ಆನೆ, ಕಾಟಿ ಬರುವ ಗುಂಡಿ ಬೇಡ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರು ಇಳಿದಂತೆ ಎದ್ದ ಬೋಳು ನಡುಗಡ್ಡೆಗಳ ಮೇಲೆ ರೀವ ಹಕ್ಕಿಗಳು (ರಿವರ್ ಟರ್ನ್) ಬರಿ ನೆಲಕ್ಕೇ ಮೊಟ್ಟೆ ಇಡುತ್ತವೆ. ದೋಣಿ ಹತ್ತಿರ ಹೋಗಿ ತಾಯಿ ಎದ್ದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ದಂಡೆ ಮುಟ್ಟದಷ್ಟು ದೂರದಲ್ಲೇ ನಿಲ್ಲಿಸಲು ದೋಣಿಯವರಿಗೆ ಹೇಳಿ.

ಇದೇ ಕಾಲಕ್ಕೆ ಮಂಗಟ್ಟೆಗಳ (ಹಾರ್ನ್‌ಬಿಲ್) ಬಾಣಂತನ. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಹಿಕ್ಕೆಯಿಂದ ಪೊಟರೆಯ ಬಾಯಿ ಮುಚ್ಚಿಕೊಂಡು, ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಬಿಡುತ್ತದೆ. ಗಂಡು ಗಂಟಲಲ್ಲಿ ಅತ್ತಿ, ಬಸರಿ ಹಣ್ಣು ತುಂಬಿಕೊಂಡು ಬಂದು, ಕಾಂಡಕ್ಕೆ ಅಂಟಿ ಕೂತು, ಕತ್ತು ಕೊಡವಿ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತರುತ್ತದೆ. ಸೀಳಿನೊಳಗಿಂದ ಇನ್ನೊಂದು ಕೊಕ್ಕಿನ ತುದಿ ಅದನ್ನು ತೆಗೆದುಕೊಳ್ಳುತ್ತದೆ. ಮತ್ತೆ ಕತ್ತು ಕೊಡವಿ ಇನ್ನೊಂದು. ಈ ಎಣಿಕೆಯನ್ನು ಬರೆದುಕೊಳ್ಳಿ: ಬಂದ ಹೊತ್ತು, ಹಣ್ಣೆಷ್ಟು, ನಡುವೆ ಹಲ್ಲಿಯೋ ಹುಳುವೋ. ಆದರೆ ನೋಡುವುದು ಕನಿಷ್ಠ ನೂರೈವತ್ತು ಅಡಿ ದೂರದ ಮರೆಯಿಂದ. ಗಂಡು ಹತ್ತಿರದ ಮರದಲ್ಲಿ ಕೂತು ಗೂಡಿಗೆ ಬಾರದೆ ಅತ್ತಿತ್ತ ನೋಡುತ್ತಿದ್ದರೆ ಕಾರಣ ನೀವೇ, ಕೂಡಲೇ ಎದ್ದು ಬನ್ನಿ. ಅದು ಬಾರದಿದ್ದಷ್ಟು ಹೊತ್ತು ಒಳಗಿನವಕ್ಕೆ ಉಪವಾಸ. ಗೂಡಿನ ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಫೋಟೋದಲ್ಲಿ ಸ್ಥಳದ ಗುರುತು ತೆಗೆದುಹಾಕಿ.

ಮರಿ ಹಾರಿಹೋದದ್ದು ಖಾತ್ರಿಯಾದ ಮೇಲೆ ಮಾತ್ರ ಆ ಮರದ ಬುಡಕ್ಕೆ ಹೋಗಿ. ಉಗುಳಿದ ಬೀಜಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಮೃಗಶಿರದ ಮಳೆ ಬಿದ್ದು ಹದಿನೈದು ದಿನಕ್ಕೆ ಇನ್ನೊಮ್ಮೆ ಹೋದರೆ ಮೊಳಕೆ ಎದ್ದಿರುತ್ತವೆ. ಯಾವ ಮರದ ಸಸಿ ಎಂದು ಊರಿನ ಹಿರಿಯರಿಗೆ ಎಲೆ ತೋರಿಸಿ ಕೇಳಿ, ಬೇಸಿಗೆಯ ಎಣಿಕೆಯ ಪಕ್ಕದಲ್ಲೇ ಬರೆದಿಡಿ; ಮುಂದಿನ ವರ್ಷ ಮಂಗಟ್ಟೆಗೆ ಎಲ್ಲಿ ಕಾಯಬೇಕೆಂದು ಆ ಮರಗಳೇ ಹೇಳುತ್ತವೆ.