ಬೆಂಚ್ ಮೇಲೆ ಕೂತ ಹುಡುಗನ ಬೆಲೆ ಕಟ್ಟುವುದು ಹೇಗೆ?

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿರಲಿ, ಬೀದರ್ ಯಾದಗಿರಿಯ ಕಾಲೇಜು ಅಂಗಳಗಳಿರಲಿ, ಬ್ಯಾಸ್ಕೆಟ್‌ಬಾಲ್ ತಂಡ ಆರಿಸುವಾಗ ಬೆಂಚ್ ಆಟಗಾರನ ಬಗ್ಗೆ ಕೇಳಿಬರುವ ಮಾತು ಎರಡೇ. ಒಂದು, "ಅವ ಎಷ್ಟ್ ಪಾಯಿಂಟ್ ಹಾಕ್ಯಾನ್ರೀ?" ಇನ್ನೊಂದು, "ಅವ ಇಳದ್ರ ಆಟಾನೇ ಬ್ಯಾರೆ ಆಗ್ತದ ನೋಡ್ರಿ." ಮೊದಲನೆಯದು ಪ್ರಶ್ನೆಯೇ ತಪ್ಪು. ಎರಡನೆಯದು ಸರಿ ಇರಬಹುದು, ಆದರೆ ಅಳೆಯದೆ ಆಡಿದ ಮಾತು. ಅಳೆಯಲು ಹೊರಟವರೂ ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ: ಪ್ಲಸ್-ಮೈನಸ್ ಅಂಕಿ (ಆಟಗಾರ ಅಂಗಳದಲ್ಲಿದ್ದಾಗ ತಂಡ ಎಷ್ಟು ಅಂಕ ಮುಂದೆ ಅಥವಾ ಹಿಂದೆ ಹೋಯಿತು ಎಂಬುದು) ಕೈಗೆ ಬಂದ ಕೂಡಲೇ ಅದೇ ಆಟಗಾರನ ಬೆಲೆ ಎಂದು ನಂಬಿಬಿಡುತ್ತಾರೆ.

40 ನಿಮಿಷದ ಪಂದ್ಯವೆಂದರೆ ಐವರಿಗೆ ಸೇರಿ 200 ನಿಮಿಷ. ಮೊದಲ ಐವರು ತಲಾ 30 ನಿಮಿಷ ಆಡಿದರೂ 50 ನಿಮಿಷ ಬೆಂಚಿನ ಪಾಲಿಗೆ ಉಳಿಯುತ್ತದೆ. ಅಂದರೆ ಆಟದ ಕಾಲುಭಾಗ. ಆ ಕಾಲುಭಾಗವನ್ನು ಕಣ್ಣಳತೆಯಲ್ಲಿ ಹಂಚಬಾರದು.

ಹಂತ 1: ಸಾಲು ಹಾಕುವ ಹಾಳೆ

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ಸ್ಕೋರ್ ಶೀಟ್ ಒಂದನ್ನೇ ನಂಬಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಅಂಕ ಇದೆ, ಫೌಲ್ ಇದೆ, ಯಾರು ಆಟಕ್ಕೆ ಇಳಿದರು ಎಂಬ ಗುರುತಿದೆ. ಯಾರು ಯಾವಾಗ ಹೊರಬಂದರು ಎಂಬುದಿಲ್ಲ. ತಪ್ಪಿದ ಶಾಟ್, ರಿಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿದದ್ದು), ಟರ್ನೋವರ್ (ಎಸೆಯುವ ಮೊದಲೇ ಚೆಂಡು ಕಳೆದುಕೊಂಡದ್ದು) ಯಾವುದೂ ಇಲ್ಲ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಉದ್ದ ನೋಟ್‌ಬುಕ್ ಇರಲಿ, ಅದಕ್ಕೆ ಇಬ್ಬರು ಇರಲಿ. ಒಬ್ಬರು ಆಟ ನೋಡಿ ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಎರಡೂ ಮಾಡಲು ಹೋದರೆ ಎರಡನೇ ಕ್ವಾರ್ಟರ್‌ಗೇ ಲೆಕ್ಕ ಕೈಬಿಟ್ಟಿರುತ್ತದೆ.

ನಮ್ಮ ಐವರಲ್ಲಿ ಒಬ್ಬ ಬದಲಾದರೂ ಹೊಸ ಸಾಲು. ಪ್ರತಿ ಸಾಲಿನಲ್ಲಿ ಆರು ಕಾಲಂ: ನಮ್ಮ ಐವರ ಜೆರ್ಸಿ ನಂಬರ್, ಎದುರಾಳಿಯ ಮೊದಲ ಐವರಲ್ಲಿ ಆಗ ಅಂಗಳದಲ್ಲಿದ್ದವರ ಸಂಖ್ಯೆ (0ಯಿಂದ 5), ನಮ್ಮ ಪೊಸೆಷನ್ (ಚೆಂಡು ಕೈಗೆ ಬಂದು ಹೋಗುವವರೆಗಿನ ಒಂದು ಸರದಿ) ಗೀಟುಗಳು, ಅವರ ಗೀಟುಗಳು, ನಮ್ಮ ಅಂಕ, ಅವರ ಅಂಕ. ಎರಡನೇ ಕಾಲಂ ಬೇಸರದ ಕೆಲಸವೆಂದು ಬಿಡುವವರೇ ಹೆಚ್ಚು. ಬಿಡಬೇಡಿ, ಹಂತ 3ರಲ್ಲಿ ಅದು ಬೇಕಾಗುತ್ತದೆ.

ಪೊಸೆಷನ್ ಮುಗಿಯುವುದು ಬುಟ್ಟಿ ಬಿದ್ದಾಗ, ಎದುರಾಳಿಗೆ ರಿಬೌಂಡ್ ಸಿಕ್ಕಾಗ, ಟರ್ನೋವರ್ ಆದಾಗ, ಇಲ್ಲವೇ ಫೌಲಿಗೆ ಸಿಕ್ಕ ಕೊನೆಯ ಫ್ರೀ ಥ್ರೋ (ಯಾರೂ ತಡೆಯದ ಎಸೆತ) ಒಳಗೆ ಬಿದ್ದಾಗ. ನಮ್ಮದೇ ತಪ್ಪಿದ ಶಾಟ್ ನಮಗೇ ರಿಬೌಂಡ್ ಆಗಿ ಸಿಕ್ಕರೆ ಹೊಸ ಗೀಟು ಬೇಡ, ಹಳೆಯ ಪೊಸೆಷನ್ನೇ ಮುಂದುವರಿದಿದೆ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಪೊಸೆಷನ್ ಎರಡು ತಂಡಗಳ ನಡುವೆ ಅದಲುಬದಲಾಗುವ ವಸ್ತು, ಆದ್ದರಿಂದ ಕ್ವಾರ್ಟರ್ ಮುಗಿದಾಗ ಎರಡೂ ಕಡೆಯ ಗೀಟುಗಳಲ್ಲಿ ಒಂದಕ್ಕಿಂತ ಹೆಚ್ಚು ಅಂತರ ಕಂಡರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ. ಅಂಕಗಳನ್ನೂ ಆಗಲೇ ಸ್ಕೋರರ್ ಮೇಜಿನ ಜೊತೆ ತಾಳೆ ನೋಡಿ. ಪಂದ್ಯ ಮುಗಿದ ಮೇಲೆ ನೋಡೋಣವೆಂದರೆ ತಪ್ಪು ಸಿಗುವುದಿಲ್ಲ.

ಗೀಟು ಹಾಕಲು ಆಗದ ಹಳೆಯ ಪಂದ್ಯಗಳಿಗೆ ಸೂತ್ರ ಇದೆ: ಶಾಟ್ ಯತ್ನ + 0.44 × ಫ್ರೀ ಥ್ರೋ ಯತ್ನ − ನಮ್ಮ ಆಫೆನ್ಸಿವ್ ರಿಬೌಂಡ್ (ನಮ್ಮದೇ ತಪ್ಪಿದ ಶಾಟ್ ನಮಗೇ ಸಿಕ್ಕದ್ದು) + ಟರ್ನೋವರ್. 62 ಶಾಟ್, 20 ಫ್ರೀ ಥ್ರೋ, 10 ರಿಬೌಂಡ್, 16 ಟರ್ನೋವರ್ ಇದ್ದರೆ 76.8. ಬುಟ್ಟಿಯ ಜೊತೆಗೆ ಸಿಗುವ ಒಂದು ಫ್ರೀ ಥ್ರೋ, ಟೆಕ್ನಿಕಲ್ ಫೌಲಿನದು, ಮೂರು ಎಸೆತದ್ದು ಇವೆಲ್ಲ ಸೇರಿಕೊಳ್ಳುವುದರಿಂದ 0.5 ಬದಲು 0.44. ಅದು ಅಮೆರಿಕದ ಎನ್‌ಬಿಎ ಲೀಗಿನ ಅನುಭವದಿಂದ ಬಂದ ಸಂಖ್ಯೆ, ನಮ್ಮ ಟೂರ್ನಿಗೆ ಹತ್ತಿರ ಹತ್ತಿರ ಅಷ್ಟೇ. ಕಣ್ಣೆದುರು ಆಟ ನಡೆಯುತ್ತಿದ್ದರೆ ಗೀಟೇ ವಾಸಿ. ಗಡಿಯಾರ ನಿಲ್ಲಿಸದೆ ಆಡಿಸುವ ಟೂರ್ನಿಗಳಲ್ಲಂತೂ ನಿಮಿಷಕ್ಕೆ ಅರ್ಥವೇ ಇಲ್ಲ, ಗೀಟುಗಳೇ ಗಡಿಯಾರ.

ಪುಕ್ಕಟೆ ಸಿಗುವ ಮೊಬೈಲ್ ಆ್ಯಪ್‌ಗಳ ಬಗ್ಗೆ ಒಂದು ಮಾತು. ಒಂದು ಬದಲಾವಣೆ ಒತ್ತಲು ಮರೆತರೆ ಮುಂದಿನದೆಲ್ಲ ತಪ್ಪುತ್ತದೆ, ಹಿಂದೆ ಹೋಗಿ ತಿದ್ದಲು ಹಲವು ಆ್ಯಪ್‌ಗಳು ಬಿಡುವುದೇ ಇಲ್ಲ. ಏಪ್ರಿಲ್-ಮೇ ಬಿಸಿಲಿಗೆ ಕಾದು ಫೋನ್ ಬಂದ್ ಬೀಳುವುದು ಬೇರೆ. ಪೆನ್ನು ಬಂದ್ ಬೀಳುವುದಿಲ್ಲ.

ಹಂತ 2: ಎಸೆತದ ಗುಣ

ಇದು ಸುಲಭ. ಎಸೆದದ್ದಕ್ಕೆ ಎಷ್ಟು ಅಂಕ ಬಂತು ಎಂದು ಹೇಳುವ ಅಳತೆ ಟ್ರೂ ಶೂಟಿಂಗ್. ಟ್ರೂ ಶೂಟಿಂಗ್ = ಅಂಕ ÷ (2 × (ಶಾಟ್ ಯತ್ನ + 0.44 × ಫ್ರೀ ಥ್ರೋ ಯತ್ನ)). 14 ಶಾಟ್, 2 ಫ್ರೀ ಥ್ರೋ ತೆಗೆದುಕೊಂಡು 12 ಅಂಕ ಗಳಿಸಿದವನದು ಶೇ 40. 4 ಶಾಟ್, 2 ಫ್ರೀ ಥ್ರೋದಲ್ಲಿ 7 ಅಂಕ ಗಳಿಸಿದವನದು ಶೇ 72. ಚಪ್ಪಾಳೆ ಮೊದಲನೆಯವನಿಗೆ ಬೀಳುತ್ತದೆ.

ಆದರೆ ಎರಡನೆಯವನಿಗೆ ನಾಳೆಯಿಂದ 14 ಶಾಟ್ ಕೊಟ್ಟರೆ ಅದೇ ಶೇ 72 ಉಳಿಯುವುದಿಲ್ಲ. ಅವನ ನಾಲ್ಕು ಶಾಟ್ ಬೇರೆಯವರು ಡಿಫೆಂಡರನ್ನು ಎಳೆದುಕೊಂಡು ಹೋಗಿ ಖಾಲಿ ಮಾಡಿಕೊಟ್ಟ ಜಾಗದ್ದಿರಬಹುದು. ಪ್ರತಿ ಬುಟ್ಟಿಯ ಪಕ್ಕ "ಪಾಸ್ ಮೇಲೆ" ಅಥವಾ "ತಾನೇ" ಎಂದು ಗುರುತು ಹಾಕಿ, ಸಾಕು. 8 ನಿಮಿಷದ ಆಟವನ್ನು 40 ನಿಮಿಷಕ್ಕೆ ಹಿಗ್ಗಿಸಿ "ಪೂರ್ತಿ ಆಡಿದ್ದರೆ 25 ಪಾಯಿಂಟ್ ಹೊಡೆಯುತ್ತಿದ್ದ" ಎನ್ನುವ ಲೆಕ್ಕವನ್ನು ಮಾತ್ರ ಯಾರೂ ಮಾಡಬಾರದು.

ಅಂಕ, ರಿಬೌಂಡ್, ಅಸಿಸ್ಟ್ ಎಲ್ಲ ಕೂಡಿಸಿ, ತಪ್ಪಿದ್ದನ್ನು ಕಳೆದು ಬರುವ 'ಎಫಿಶಿಯೆನ್ಸಿ' ಅಂಕಿಯನ್ನೂ ಬದಿಗಿಡಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೇಖಕ ಜಾನ್ ಹಾಲಿಂಜರ್ ರೂಪಿಸಿದ ಪಿಇಆರ್ (ಪ್ಲೇಯರ್ ಎಫಿಶಿಯೆನ್ಸಿ ರೇಟಿಂಗ್) ಅದಕ್ಕಿಂತ ಜಾಣ ಲೆಕ್ಕ, ಲೀಗ್ ಸರಾಸರಿ 15 ಬರುವಂತೆ ಹೊಂದಿಸಿದ್ದು. ಅದಕ್ಕೂ ಹೆಚ್ಚು ಎಸೆಯುವವನ ಮೇಲೆ ಒಲವು ಜಾಸ್ತಿ, ಡಿಫೆನ್ಸ್ ಕಣ್ಣಿಗೆ ಬೀಳುವುದು ಸ್ಟೀಲ್, ಬ್ಲಾಕ್ ಇದ್ದರೆ ಮಾತ್ರ. ಎನ್‌ಬಿಎಯ 2014-15ರ ಲೀಗ್ ಹಂತದಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಆಂಡ್ರೆ ಇಗ್ವಡಾಲಾ ಒಂದು ಪಂದ್ಯದಲ್ಲೂ ಮೊದಲ ಐವರಲ್ಲಿರಲಿಲ್ಲ, ಸರಾಸರಿ 8 ಅಂಕವೂ ಇರಲಿಲ್ಲ. 2015ರ ಫೈನಲ್ಸ್‌ನ ಶ್ರೇಷ್ಠ ಆಟಗಾರ ಅವನೇ.

ಹಂತ 3: ನಾಲ್ಕು ಮನೆಯ ಲೆಕ್ಕ

ಇಲ್ಲಿ ಅವಸರ ಬೇಡ. ಲೆಕ್ಕಕ್ಕೆಂದು ಒಂದು ತಂಡ ಊಹಿಸಿಕೊಳ್ಳಿ. ಐದು ಪಂದ್ಯ, ಒಂದೊಂದು ಕಡೆಗೆ ಒಟ್ಟು 385 ಪೊಸೆಷನ್. ಬೆಂಚಿನಿಂದ ಬರುವ 11ನೇ ನಂಬರಿನ ಹುಡುಗ 115 ಪೊಸೆಷನ್ ಆಡಿದ್ದಾನೆ, ಆಗ ತಂಡ 8 ಅಂಕ ಮುಂದೆ. ಅವನು ಹೊರಗಿದ್ದ 270 ಪೊಸೆಷನ್‌ಗಳಲ್ಲಿ ತಂಡ 27 ಅಂಕ ಹಿಂದೆ. ನೂರು ಪೊಸೆಷನ್‌ಗೆ ಇಳಿಸಿದರೆ ಅವನಿದ್ದಾಗ +7, ಇಲ್ಲದಾಗ −10. ಅಂತರ 17. ಕೋಚ್ ಇಲ್ಲಿಗೇ ನೋಟ್‌ಬುಕ್ ಮುಚ್ಚಿ "ಹುಡುಗ ಬಂಗಾರ" ಎನ್ನುತ್ತಾರೆ.

ಮುಚ್ಚಬೇಡಿ. ತಂಡದ ಅತ್ಯುತ್ತಮ ಆಟಗಾರ ಯಾರು? 7ನೇ ನಂಬರ್ ಎಂದುಕೊಳ್ಳಿ. ಹಾಳೆಯ ಸಾಲುಗಳನ್ನು ನಾಲ್ಕು ಮನೆಗೆ ಹಂಚಿ.

7 ಮತ್ತು 11 ಇಬ್ಬರೂ ಇದ್ದದ್ದು: 95 ಪೊಸೆಷನ್, +12 ಅಂಕ, ನೂರಕ್ಕೆ +12.6.
7 ಇದ್ದು 11 ಇಲ್ಲದ್ದು: 110 ಪೊಸೆಷನ್, +11 ಅಂಕ, ನೂರಕ್ಕೆ +10.
11 ಇದ್ದು 7 ಇಲ್ಲದ್ದು: 20 ಪೊಸೆಷನ್, −4 ಅಂಕ, ನೂರಕ್ಕೆ −20.
ಇಬ್ಬರೂ ಇಲ್ಲದ್ದು: 160 ಪೊಸೆಷನ್, −38 ಅಂಕ, ನೂರಕ್ಕೆ −23.8.

ಈಗ ಮೊದಲ ಸಾಲನ್ನು ಎರಡನೆಯದರ ಜೊತೆ, ಮೂರನೆಯದನ್ನು ನಾಲ್ಕನೆಯದರ ಜೊತೆ ಹೋಲಿಸಿ. 7 ಇದ್ದಾಗ 11 ತಂದ ಲಾಭ 2.6. ಇಲ್ಲದಾಗ 3.8. ಅಂದರೆ 17 ಎಂದು ಕಂಡದ್ದು ಸುಮಾರು 3. ಉಳಿದದ್ದೆಲ್ಲ 7ರದು. 11 ತನ್ನ 115 ಪೊಸೆಷನ್‌ಗಳಲ್ಲಿ 95ನ್ನು ಅವನ ನೆರಳಲ್ಲೇ ಆಡಿದ್ದಾನೆ. ತಿರುಗಾಮುರುಗವೂ ಆಗುತ್ತದೆ: ನಾಲ್ವರು ಬೆಂಚ್ ಆಟಗಾರರ ಜೊತೆಗೇ ಯಾವಾಗಲೂ ಇಳಿಯುವ ಒಳ್ಳೆಯ ಹುಡುಗ −6 ತೋರಿಸುತ್ತಾನೆ, ನಾಲ್ಕು ಮನೆ ಹಾಕಿದಾಗ ಅವನೇ ತಂಡವನ್ನು −15ರಿಂದ ಮೇಲೆತ್ತಿದ್ದು ಕಾಣುತ್ತದೆ. ಆಯ್ಕೆಯಲ್ಲಿ ಬಿಟ್ಟುಹೋಗುವವರು ಹೆಚ್ಚಾಗಿ ಇಂಥವರೇ.

ಇದೇ ಕೆಲಸವನ್ನು ಹತ್ತೂ ಆಟಗಾರರಿಗೆ ಒಟ್ಟಿಗೆ ಮಾಡುವ ವಿಧಾನಕ್ಕೆ ಆರ್‌ಎಪಿಎಂ (ಜೊತೆಗಾರರ, ಎದುರಾಳಿಗಳ ಪ್ರಭಾವ ಕಳೆದ ಪ್ಲಸ್-ಮೈನಸ್) ಎನ್ನುತ್ತಾರೆ. ಕಂಪ್ಯೂಟರ್ ಗೊತ್ತಿರುವವರು ರಿಡ್ಜ್ ರಿಗ್ರೆಷನ್ ಓಡಿಸಬಹುದು, ಆದರೆ ಐದಾರು ಪಂದ್ಯಕ್ಕೆ ಅದು ಹೊರೆ. ಇಬ್ಬರು ಮುಖ್ಯ ಜೊತೆಗಾರರಿಗೆ ಒಂದೊಂದು ಸಲ ನಾಲ್ಕು ಮನೆ ಹಾಕಿದರೆ ಸಾಕು. ಎನ್‌ಬಿಎಗಾಗಿ ಮಾಡಿದ ಬಾಕ್ಸ್ ಪ್ಲಸ್-ಮೈನಸ್ (ಅಂಕ, ರಿಬೌಂಡ್‌ನಂಥ ಅಂಕಿಗಳಿಂದಲೇ ಆಟಗಾರನ ಪ್ಲಸ್-ಮೈನಸ್ ಅಂದಾಜಿಸುವ) ಸೂತ್ರವನ್ನು ಎಕ್ಸೆಲ್‌ಗೆ ತಂದು ನಮ್ಮ ಕಾಲೇಜು ಪಂದ್ಯದ ಅಂಕಿ ತುಂಬಬೇಡಿ. ಅದರ ಗುಣಾಂಕಗಳು ಆ ಲೀಗಿನ ಆಟಕ್ಕೆ ಹೊಂದಿಸಿದವು, ಇಲ್ಲಿ ಬರುವ ಉತ್ತರ ದಶಮಾಂಶ ಸಮೇತ ಸುಳ್ಳಾಗಿರುತ್ತದೆ.

ನಾಲ್ಕು ಮನೆ ಹಾಕುವ ಮೊದಲು ಸಾಲುಗಳನ್ನು ಮೂರು ಸಲ ಜರಡಿ ಹಿಡಿಯಿರಿ.

ಮೊದಲು ಫ್ರೀ ಥ್ರೋ. ಫೌಲ್ ಆದದ್ದು ಒಬ್ಬ ಇದ್ದಾಗ, ಬದಲಾವಣೆ ಆಗಿ ಎಸೆತ ಬಿದ್ದದ್ದು ಇನ್ನೊಬ್ಬ ಬಂದ ಮೇಲೆ. ಆ ಅಂಕವನ್ನು ಫೌಲ್ ಆದಾಗ ಅಂಗಳದಲ್ಲಿದ್ದ ಐವರ ಸಾಲಿಗೇ ಬರೆಯಿರಿ. ಹೊಸದಾಗಿ ಇಳಿದವನು ಮೈ ಬೆಚ್ಚಗಾಗುವ ಮೊದಲೇ −2 ಹೊರುವುದು ಅನ್ಯಾಯ, ಮತ್ತು ಅದು ಬೆಂಚ್ ಆಟಗಾರನಿಗೇ ಹೆಚ್ಚು ಸಲ ಆಗುತ್ತದೆ.

ಆಮೇಲೆ ಗೆದ್ದು ಮುಗಿದ ಆಟ. ಎನ್‌ಬಿಎ ಅಂಕಿಅಂಶದವರು ನಾಲ್ಕನೇ ಕ್ವಾರ್ಟರ್‌ನ ಇಂಥ ನಿಮಿಷಗಳನ್ನು ಅಂತರ ಮತ್ತು ಸಮಯ ನೋಡಿ ಕಿತ್ತುಹಾಕುತ್ತಾರೆ. ನಮ್ಮಲ್ಲಿ ಕೊನೆಯ 5 ನಿಮಿಷ, 20ಕ್ಕಿಂತ ಹೆಚ್ಚು ಅಂತರ ಇದ್ದರೆ ಆ ಸಾಲುಗಳಿಗೆ ಅಡ್ಡಗೆರೆ ಎಳೆಯಿರಿ. ಬೆಂಚ್ ಹುಡುಗರ ಅರ್ಧ ಹೆಸರು, ಅರ್ಧ ಅಪಖ್ಯಾತಿ ಅಲ್ಲೇ ಹುಟ್ಟುತ್ತದೆ.

ಕೊನೆಗೆ ಎದುರಾಳಿ. ಆ ಬೇಸರದ ಎರಡನೇ ಕಾಲಂ ಈಗ ತೆಗೆಯಿರಿ. ಎದುರಾಳಿಯ ಮೊದಲ ಐವರಲ್ಲಿ ಮೂವರಿಗಿಂತ ಕಡಿಮೆ ಇದ್ದ ಸಾಲುಗಳ ಮೊತ್ತ ಬೇರೆ, ಉಳಿದದ್ದು ಬೇರೆ. 11ರ ಲಾಭವೆಲ್ಲ ಮೊದಲ ರಾಶಿಯಲ್ಲೇ ಇದ್ದರೆ ಅವನು ಎದುರಾಳಿಯ ಬೆಂಚನ್ನು ಮಾತ್ರ ಸೋಲಿಸಬಲ್ಲವನು. ಅದೂ ಕೆಲಸವೇ, ಆದರೆ ಕೊನೆಯ ಐದು ನಿಮಿಷಕ್ಕೆ ಇಳಿಸುವ ಕೆಲಸವಲ್ಲ.

ಹಂತ 4: ಅದೃಷ್ಟ ಕಳೆಯುವುದು

ಎದುರಾಳಿ ಫ್ರೀ ಥ್ರೋ ತಪ್ಪಿಸಿದ್ದರಲ್ಲಿ 11ರ ಪಾತ್ರ ಏನೂ ಇಲ್ಲ. ಎದುರಾಳಿಯ ತ್ರೀ ಪಾಯಿಂಟರ್ ಬಿದ್ದದ್ದು ತಪ್ಪಿದ್ದರಲ್ಲೂ ಬಹುಪಾಲು ಅವನದಲ್ಲ. ಅವನಿದ್ದಾಗ ಎದುರಾಳಿ 6.75 ಮೀಟರ್ ಗೆರೆಯಾಚೆಯಿಂದ 12 ಎಸೆದು ಒಂದೇ ಹಾಕಿದ್ದರೆ, ಟೂರ್ನಿಯ ಸರಾಸರಿ ನಾಲ್ಕಕ್ಕೆ ಒಂದಾಗಿದ್ದರೆ, ಎರಡು ಬುಟ್ಟಿ ಅಂದರೆ 6 ಅಂಕ ಅದೃಷ್ಟದ್ದು. 8 ಅಂಕದ ಮುನ್ನಡೆಯಲ್ಲಿ 6 ಹೀಗೆ ಹೋದರೆ ಉಳಿಯುವುದೆಷ್ಟು?

ಇದಾದ ಮೇಲೂ ಅಲುಗಾಟ, ಅಂದರೆ ಬರೀ ಅದೃಷ್ಟದಿಂದ ಅಂಕಿ ಮೇಲೆ ಕೆಳಗೆ ಆಗುವುದು, ಉಳಿಯುತ್ತದೆ. ಒಂದು ಪೊಸೆಷನ್‌ನಲ್ಲಿ ಬರುವುದು ಹೆಚ್ಚಾಗಿ 0, 1, 2 ಇಲ್ಲವೇ 3 ಅಂಕ. ಅದರ ಸ್ಟ್ಯಾಂಡರ್ಡ್ ಡಿವಿಯೇಷನ್ (ಅಲುಗಾಟದ ಅಳತೆ) ಸುಮಾರು 1.1. ಎರಡೂ ಕಡೆಯ 115 ಪೊಸೆಷನ್ ಸೇರಿಸಿದರೆ ನೂರಕ್ಕೆ 14-15ರ ಅಲುಗಾಟ. ಅವನು ಹೊರಗಿದ್ದ 270ರ ಅಲುಗಾಟವನ್ನೂ ಕೂಡಿಸಿದರೆ 17 ದಾಟುತ್ತದೆ. ಅಂದರೆ ಮೇಲೆ ಕಂಡ 17ರ ಲಾಭಕ್ಕೆ 17ರಷ್ಟೇ ಅಲುಗಾಟ. ಗಂಜ್ ಮಾರುಕಟ್ಟೆಯಲ್ಲಿ ಒಂದು ಹಿಡಿ ತೊಗರಿ ನೋಡಿ ಇಡೀ ಲಾರಿಯ ದರ ಹೇಳುವವರೂ ಇಷ್ಟು ಧೈರ್ಯ ಮಾಡುವುದಿಲ್ಲ. 1000 ಪೊಸೆಷನ್ ಆದಾಗ ಅವನಿದ್ದಾಗಿನ ಅಲುಗಾಟ 5ಕ್ಕೆ ಇಳಿಯುತ್ತದೆ. ಪಂದ್ಯಕ್ಕೆ 23 ಪೊಸೆಷನ್ ಆಡುವವನಿಗೆ ಅದು 43-44 ಪಂದ್ಯ.

ಅಷ್ಟು ಪಂದ್ಯ ಕಾಯಲಾಗದವರು ಬೇಗ ನೆಲೆಗೆ ನಿಲ್ಲುವ ಸಂಗತಿಗಳನ್ನು ಎಣಿಸಬೇಕು.

ಹಂತ 5: ಸಣ್ಣ ಕೆಲಸಗಳ ಎಣಿಕೆ

ಎದುರಾಳಿಯ ಶಾಟ್ ತಪ್ಪಿದಾಗಲೆಲ್ಲ 11 ತನ್ನ ಆಳಿಗೆ ಬೆನ್ನು ಕೊಟ್ಟು ತಡೆದನೋ, ಚೆಂಡು ನೋಡುತ್ತ ನಿಂತನೋ ಬರೆಯಿರಿ. ಚೆಂಡು ಬೇರೆಯವನ ಕೈಗೆ ಹೋದರೂ ಪರವಾಗಿಲ್ಲ. ಅವನಿದ್ದಾಗ ತಂಡದ ಡಿಫೆನ್ಸಿವ್ ರಿಬೌಂಡ್ ಪಾಲು (ನಮ್ಮ ಡಿಫೆನ್ಸಿವ್ ರಿಬೌಂಡ್ ÷ (ನಮ್ಮ ಡಿಫೆನ್ಸಿವ್ ರಿಬೌಂಡ್ + ಅವರ ಆಫೆನ್ಸಿವ್ ರಿಬೌಂಡ್)) ಏರಿದೆಯೇ ನೋಡಿ. ಬೆರಳು ತಾಗಿಸಿ ಕೆಡಿಸಿದ ಪಾಸ್, ಬುಟ್ಟಿಗೆ ದಾರಿ ಮಾಡಿಕೊಟ್ಟ ಸ್ಕ್ರೀನ್ (ಡಿಫೆಂಡರಿಗೆ ಅಡ್ಡ ನಿಲ್ಲುವುದು), ಡ್ರಿಬಲ್‌ನಲ್ಲಿ ಅವನನ್ನು ದಾಟಿ ಹೋದವರ ಸಂಖ್ಯೆ, ಟರ್ನೋವರ್. ಐದು ಪಂದ್ಯದಲ್ಲಿ ಪ್ರತಿಯೊಂದಕ್ಕೂ ಹತ್ತಾರು ಗುರುತು ಸಿಗುತ್ತವೆ. ಇದನ್ನು ಪಂದ್ಯದ ವೇಳೆ ಬರೆಯಲು ಆಗದು. ಅಂಗಳದ ಉದ್ದ ಬದಿಯಲ್ಲಿ, ಸಾಧ್ಯವಾದರೆ ಮೆಟ್ಟಿಲ ಮೇಲಿಂದ, ಹತ್ತೂ ಮಂದಿ ಕಾಣುವಂತೆ ಫೋನ್ ನಿಲ್ಲಿಸಿ ವಿಡಿಯೊ ಮಾಡಿಕೊಳ್ಳಿ. ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿಸಿದ ವಿಡಿಯೊ ಈ ಕೆಲಸಕ್ಕೆ ನಿರುಪಯೋಗಿ.

ಹಂತ 6: ಯಾರಿಗೆ ಹೋಲಿಕೆ?

11ರನ್ನು 7ರ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಅವನನ್ನು ಕೂರಿಸಿದರೆ ಆ ನಿಮಿಷ ಯಾರ ಪಾಲಾಗುತ್ತದೆ? 14ರ ಪಾಲಿಗಾದರೆ, 11ರ ಜಾಗದಲ್ಲಿ 14 ಆಡಿದ ಸಾಲುಗಳಷ್ಟನ್ನೇ ತೆಗೆದು ಹೋಲಿಸಿ. ಅಂತರ ನೂರಕ್ಕೆ 3 ಬಂತೆನ್ನಿ. ಪಂದ್ಯಕ್ಕೆ 23 ಪೊಸೆಷನ್ ಆಡಿದರೆ ಅದು 0.7 ಅಂಕ. ಇಷ್ಟೇನಾ ಎನಿಸುತ್ತದೆ, ಒಳ್ಳೆಯ ಬೆಂಚ್ ಆಟಗಾರನ ಬೆಲೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಪಂದ್ಯಕ್ಕೆ 5 ಅಂಕ ಎಂದು ಉತ್ತರ ಬಂದರೆ ಮೊದಲು ಜರಡಿ ಹಿಡಿದದ್ದನ್ನು ಪರೀಕ್ಷಿಸಿ.

ನಿಮಿಷ ಹೆಚ್ಚಿಸುವ ಮೊದಲು ಫೌಲ್ ಲೆಕ್ಕ ನೋಡಿ. 60 ನಿಮಿಷದಲ್ಲಿ 14 ಫೌಲ್ ಮಾಡಿದವನು ಸರಾಸರಿ 21 ನಿಮಿಷಕ್ಕೆ ಐದನೇ ಫೌಲ್ ಮುಗಿಸುತ್ತಾನೆ. ಅವನಿಗೆ 25 ನಿಮಿಷ ಕೊಡುವ ಯೋಜನೆ ಹಾಳೆಯ ಮೇಲೆ ಮಾತ್ರ. ಕೋಚ್ ಕೈಗೆ ಕೊಡುವ ಚೀಟಿಯಲ್ಲಿ ಸೂತ್ರ, ಶೇಕಡಾ ಏನೂ ಬೇಡ. ಹೀಗಿದ್ದರೆ ಸಾಕು: "11: 12ರಿಂದ 14 ನಿಮಿಷ. 7 ಇದ್ದಾಗ ಇಳಿಸ್ರಿ. ಅವರ ಬೆಂಚ್ ಮುಂದ ಛಲೋ ಆಡ್ತಾನ. ಮೂರನೇ ಫೌಲ್ ಆದ್ರ ಹೊರಗ ಕರೀರಿ."