ಇನ್‌ಲೈನ್ ಸ್ಕೇಟ್ಸ್: ಯಾವ ಓಟಕ್ಕೆ ಯಾವ ಜೋಡಿ?

ಚಕ್ರಗಳು ಒಂದರ ಹಿಂದೆ ಒಂದು ಸಾಲಾಗಿರುವ ಸ್ಕೇಟ್ಸ್‌ಗೆಲ್ಲ ಇನ್‌ಲೈನ್ ಎಂಬ ಒಂದೇ ಹೆಸರಿದ್ದರೂ, ಅಂಗಡಿಯಲ್ಲಿ ಅಕ್ಕಪಕ್ಕ ಕೂತಿರುವ ಎರಡು ಜೋಡಿಗಳಲ್ಲಿ ಒಂದರ ಕೆಲಸ ಇನ್ನೊಂದಕ್ಕೆ ಬಾರದಿರಬಹುದು. ಆದ್ದರಿಂದ ಬಣ್ಣ, ಬೆಲೆ ವಿಚಾರಿಸುವ ಮೊದಲು ಸ್ಕೇಟ್ಸ್ ಓಡುವುದು ಬಡಾವಣೆಯ ರಸ್ತೆಯಲ್ಲೋ, ನುಣುಪಾದ ರಿಂಕಿನಲ್ಲೋ, ಸ್ಪರ್ಧೆಯ ಟ್ರ್ಯಾಕಿನಲ್ಲೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಹೊಸದಾಗಿ ಕಲಿಯುವವರಿಗೆ ರೆಕ್ರಿಯೇಷನ್ ಮಾದರಿಯೇ ಸರಿ. ಇದರ ಬೂಟು ಮೆತ್ತಗಿದ್ದು ಕಣಕಾಲನ್ನು ಮೇಲಿನವರೆಗೂ ಹಿಡಿದಿಡುತ್ತದೆ. ಚಕ್ರಗಳು ಸಾಮಾನ್ಯವಾಗಿ 76ರಿಂದ 84 ಮಿ.ಮೀ. ಇರುತ್ತವೆ, ಬಲಗಾಲಿನ ಹಿಮ್ಮಡಿಯ ಹಿಂದೆ ರಬ್ಬರ್ ಬ್ರೇಕ್ ಇರುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಆ ಬ್ರೇಕನ್ನು ಮೊದಲ ವಾರವೇ ಬಿಚ್ಚಿಡುವವರಿದ್ದಾರೆ. ಬೇರೆ ರೀತಿಯಲ್ಲಿ ನಿಲ್ಲಲು ಕಲಿಯುವವರೆಗೆ ಅದು ಇರಲೇಬೇಕು.

ತಿರುಗುತ್ತ, ಕೋನ್‌ಗಳ ನಡುವೆ ನುಸುಳುತ್ತ ಆಡುವ ಆಸೆಯಿದ್ದರೆ ಗಟ್ಟಿ ಚಿಪ್ಪಿನ ಬೂಟು, ಚಕ್ರಗಳನ್ನು ಹಿಡಿದಿಡುವ ಗಿಡ್ಡ ಫ್ರೇಮ್ ಇರುವ ಫ್ರೀಸ್ಟೈಲ್ ಸ್ಕೇಟ್ಸ್ ನೋಡಬಹುದು. ಕೆಲವದರಲ್ಲಿ ನಡುವಿನ ಎರಡು ಚಕ್ರಗಳು ತುಸು ಕೆಳಗಿರುತ್ತವೆ. ಅದರಿಂದ ತಿರುಗುವುದು ಹಗುರವಾಗುತ್ತದೆ, ಆದರೆ ನೇರ ಓಟದಲ್ಲಿ ಸ್ಥಿರತೆ ಕಡಿಮೆಯಾಗುತ್ತದೆ. ಕಂಬಿ, ಕಟ್ಟೆಗಳ ಮೇಲೆ ಜಾರುವ ಅಗ್ರೆಸಿವ್ ಮಾದರಿಯ ಚಕ್ರ 60 ಮಿ.ಮೀ. ಆಸುಪಾಸಿನ ಪುಟ್ಟದು, ಅದರಲ್ಲಿ ದೂರ ಓಡುವುದು ಬರಿಯ ಆಯಾಸ.

2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ಸ್ಪೀಡ್ ಸ್ಕೇಟಿಂಗ್ ರಿಲೇಯಲ್ಲಿ ಭಾರತದ ಪುರುಷರೂ ಮಹಿಳೆಯರೂ ಕಂಚು ಗೆದ್ದರು. 2025ರಲ್ಲಿ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್‌ಷಿಪ್‌ನ 1000 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಇಂಥ ಓಟ ಕಂಡ ಮಕ್ಕಳು ಸ್ಪೀಡ್ ಸ್ಕೇಟ್ಸೇ ಬೇಕೆಂದು ಹಟ ಹಿಡಿದರೆ ಅಚ್ಚರಿಯಿಲ್ಲ. ಆದರೆ 110 ಮಿ.ಮೀ.ನ ನಾಲ್ಕು ಅಥವಾ 125 ಮಿ.ಮೀ.ನ ಮೂರು ಚಕ್ರಗಳ ಆ ಸ್ಕೇಟ್ಸ್‌ನ ಬೂಟು ಕಣಕಾಲಿನ ಬಳಿಯೇ ಮುಗಿಯುತ್ತದೆ, ಬ್ರೇಕೂ ಇರುವುದಿಲ್ಲ. ದೇಹವನ್ನು ನೆಟ್ಟಗೆ ಹಿಡಿಯುವ ಹೊಣೆಯೆಲ್ಲ ಪಳಗಿದ ಕಾಲಿನದೇ.

ಮಾದರಿ ಆರಿಸಿದ ಮೇಲೆ ಬೂಟಿನ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಬೇಕು. ಆಟದಲ್ಲಿ ಹಾಕುವ ಕಾಲುಚೀಲವನ್ನೇ ಧರಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಬಕಲ್ ಬಿಗಿಯಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಮೆಲ್ಲಗೆ ತಾಗಿ, ಮಂಡಿ ಬಗ್ಗಿಸಿದಾಗ ಹಿಂದೆ ಸರಿದರೆ ಅಳತೆ ಸರಿ. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಮೇಲೆದ್ದರೆ ಆ ಬೂಟು ಬೇಡ. ಬಳಿಕ ಹಿಂದಿನಿಂದ ಒಬ್ಬರು ನೋಡಲಿ: ಚಕ್ರಗಳು ಒಳಕ್ಕೆ ವಾಲಿದ್ದರೆ ಬೂಟಿನ ಹಿಡಿತ ಸಾಲದು. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜು ದೊಡ್ಡದು ಕೊಳ್ಳುವ ನಮ್ಮ ಶಾಲೆ ಬೂಟಿನ ಲೆಕ್ಕಾಚಾರ ಇಲ್ಲಿ ನಡೆಯದು. ಬೆಳೆಯುವ ಮಕ್ಕಳಿಗೆ ಉದ್ದ ಹಿಗ್ಗಿಸಬಲ್ಲ ಬೂಟುಗಳಿವೆ.

ಚಕ್ರದ ಮೇಲೆ 78ಎ, 85ಎ ಎಂದು ಅಚ್ಚಾಗಿರುವುದು ಗಡಸುತನ. ಅಂಕಿ ಸಣ್ಣದಾದಷ್ಟೂ ಚಕ್ರ ಮೆತ್ತಗೆ. ಒರಟು ಡಾಂಬರಿನ ನಡುಕವನ್ನು ಅದು ತಡೆದುಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ. ಚಕ್ರದೊಳಗಿನ ಬೇರಿಂಗ್‌ನ ಮೇಲಿನ ಎಬೆಕ್ (ABEC) ಅಂಕಿ ವೇಗದ್ದಲ್ಲ, ತಯಾರಿಕೆಯ ನಿಖರತೆಯದು. ಅಂಗಡಿಯವರು ಚಕ್ರವನ್ನು ಬೆರಳಿನಿಂದ ತಿರುಗಿಸಿ ತೋರಿಸುವಾಗ ಅದರ ಮೇಲೆ ಯಾರ ಭಾರವೂ ಇರುವುದಿಲ್ಲ. ಹೊಸ ಬೇರಿಂಗ್‌ನ ಗ್ರೀಸಿನಿಂದಾಗಿ ಅದು ಬೇಗ ನಿಂತರೂ ದೋಷವೆಂದು ತಿಳಿಯಬೇಕಿಲ್ಲ.