ಶೂಟಿಂಗ್ ರೇಂಜ್‌ಗೆ (ಗುಂಡು ಹಾರಿಸುವ ಅಭ್ಯಾಸದ ಜಾಗಕ್ಕೆ) ಹೋಗುವಾಗ ಕುತ್ತಿಗೆ ಮುಚ್ಚುವ ಅಂಗಿ ಹಾಕಿಕೊಳ್ಳಿ

ಶೂಟಿಂಗ್ ಶುರು ಮಾಡಿದ ಹೊಸದರಲ್ಲಿ ನನಗೆ ಆದ ಮೊದಲ ಗಾಯ ಗುಂಡಿನಿಂದಲ್ಲ, ಗುಂಡು ಹಾರಿದ ಮೇಲೆ ಹೊರಬೀಳುವ ಲೋಹದ ಖಾಲಿ ಕೇಸ್‌ನಿಂದ! ಪಿಸ್ತೂಲಿನಿಂದ ಹಾರಿದ ಬಿಸಿ ಕೇಸ್ ಸೀದಾ ಕಾಲರ್ ಒಳಗೆ ಬಿತ್ತು. ಚುರುಕ್ ಅಂದಾಗ ಕುಣಿಯಬೇಕು ಅನ್ನಿಸುವುದು ಸಹಜ, ಆದರೆ ಅಪಾಯ ಇರುವುದೇ ಅಲ್ಲಿ. ಕೈಯಲ್ಲಿ ಗನ್ ಇದೆ ಅಲ್ವಾ? ಬೆರಳನ್ನು ಟ್ರಿಗರ್‌ನಿಂದ ತೆಗೆಯಿರಿ, ನಳಿಗೆ ಗುರಿಯ ಕಡೆಗೇ ಇರಲಿ, ಗನ್ ಕೆಳಗಿಡಿ, ಆಮೇಲೆ ಅಂಗಿ ಕೊಡವಿ. ಸಣ್ಣ ಸುಟ್ಟ ಗಾಯ ಕೆಲವು ದಿನದಲ್ಲಿ ಮಾಯುತ್ತದೆ, ತಿರುಗಿದ ನಳಿಗೆಗೆ ಮದ್ದಿಲ್ಲ. ಮುಂಚಾಚಿದ ಟೋಪಿಯೂ ಇರಲಿ, ಕೇಸ್ ಕನ್ನಡಕದ ಹಿಂದೆ ಸಿಕ್ಕಿಕೊಳ್ಳುವುದನ್ನು ಅದು ತಡೆಯುತ್ತದೆ.

ಇನ್ನೊಂದು, ಹೆಬ್ಬೆರಳು. ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ಸ್ಲೈಡ್ (ಗುಂಡು ಹಾರಿದಾಗ ಹಿಂದಕ್ಕೆ ಚಿಮ್ಮುವ ಮೇಲ್ಭಾಗ) ಹಿಂದೆ ಹೆಬ್ಬೆರಳು ಅಡ್ಡ ಇಟ್ಟರೆ ಚರ್ಮ ಕಿತ್ತುಬರುತ್ತದೆ. ಎರಡೂ ಹೆಬ್ಬೆರಳು ಒಂದೇ ಬದಿಯಲ್ಲಿ, ಮುಂದಕ್ಕೆ ಚಾಚಿರಲಿ.

ರೈಫಲ್ ಮೇಲಿನ ಸ್ಕೋಪ್‌ಗೆ (ಗುರಿ ನೋಡುವ ದುರ್ಬೀನಿಗೆ) ಕಣ್ಣು ಅಂಟಿಸಬೇಡಿ. ಸಾಮಾನ್ಯವಾಗಿ 3ರಿಂದ 4 ಇಂಚು ಅಂತರ ಬೇಕು, ಇಲ್ಲದಿದ್ದರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದ್ದು ಹುಬ್ಬು ಸೀಳುತ್ತದೆ. ರೈಫಲ್‌ನ ಹಿಂತುದಿಯನ್ನು ಭುಜಕ್ಕೆ ಒತ್ತಿ ಹಿಡಿಯಿರಿ.

ಕಿವಿಗೆ ರಕ್ಷಣೆ ಬೇಕೇ ಬೇಕು. ಹೆಚ್ಚಿನ ಗನ್‌ಗಳ ಸದ್ದು 140 ಡೆಸಿಬಲ್ ದಾಟುತ್ತದೆ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸದ ಪುಡಿ ಅಂಟಿರುತ್ತದೆ.